ಹೆಪ್ಪು, ಹಿಟ್ಟು ಮತ್ತು ಬೀಸುವ ಕೈ

ನಾವು ಬೆಳೆದ ಊರುಗಳಲ್ಲಿ ಬ್ರೆಡ್ ಎಂದರೆ ಜ್ವರದ ಆಹಾರ. ಬಾಯಿ ಕೆಟ್ಟು, ರೊಟ್ಟಿ ಮುರಿದು ತಿನ್ನುವ ಮನಸ್ಸೂ ಇಲ್ಲದ ದಿನ ಆ ಬಿಳಿಯ ಹೋಳುಗಳು ಮನೆಗೆ ಬರುತ್ತಿದ್ದವು. ಬಿಸಿ ಹಾಲಿನಲ್ಲಿ ಅದ್ದಿದರೆ ಅಗಿಯುವ ಮೊದಲೇ ಕರಗಿ ಹೋಗುತ್ತಿದ್ದವು. ದವಾಖಾನೆಗೆ ಯಾರನ್ನಾದರೂ ನೋಡಲು ಹೊರಟವರ ಚೀಲದಲ್ಲಿ ಒಂದು ಪೊಟ್ಟಣ ಬ್ರೆಡ್ಡೂ ನಾಲ್ಕು ಮೋಸಂಬಿಯೂ ಇರುವುದು ರೂಢಿ. ಹಸಿವಿಗೆ ರೊಟ್ಟಿ, ಕಾಯಿಲೆಗೆ ಬ್ರೆಡ್ ಎಂಬ ವಿಭಾಗ ನಮ್ಮ ಮನಸ್ಸಿನಲ್ಲಿ ಎಷ್ಟು ಖಚಿತವಾಗಿತ್ತೆಂದರೆ, ಆರೋಗ್ಯವಂತರ ತಟ್ಟೆಯಲ್ಲಿ ಬ್ರೆಡ್ ಕಂಡರೆ ಏನಾಯಿತೆಂದು ವಿಚಾರಿಸುತ್ತಿದ್ದೆವು.

ಪುಣೆಗೆ ಬಂದ ಮೇಲೆ ಈ ತಿಳಿವಳಿಕೆ ಬದಲಾಯಿತು. ಇಲ್ಲಿ ಬೆಳಗಾದರೆ ಬೇಕರಿಯ ಮುಂದೆ ಪಾವಿಗಾಗಿ ಜನ ನಿಲ್ಲುತ್ತಾರೆ. ವಡಾಪಾವ್, ಮಿಸಳ್‌ಪಾವ್, ಮಸ್ಕಾ ಹಚ್ಚಿದ ಬ್ರುನ್, ಹೀಗೆ ದುಡಿಯುವ ಜನರ ಹೊಟ್ಟೆ ತುಂಬಿಸುವ ಕೆಲಸ ಪಾವಿನದು. ಆ ಹೆಸರೇ ಪೋರ್ಚುಗೀಸರದು. ಗೋವೆಯ ಬೇಕರಿಯವರು ಹಿಂದೆ ಕಣಕವನ್ನು ಉಬ್ಬಿಸಲು ಶೇಂದಿ ಬಳಸುತ್ತಿದ್ದರು. ಮಂಗಳೂರಿನ ಕ್ರೈಸ್ತ ಬಂಧುಗಳ ಮನೆಯ ಸನ್ನದಲ್ಲಿ ಆ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಆದರೂ ಪಾವ್ ಅಂಗಡಿಯಿಂದ ತರುವ ಪದಾರ್ಥವೇ ಹೊರತು ಮನೆಯಲ್ಲಿ ಮಾಡುವುದಲ್ಲ. ಕನ್ನಡ, ಮರಾಠಿ ಅಡುಗೆಮನೆಗಳಲ್ಲಿ ತವೆ ಉಂಟು, ಇಡ್ಲಿಪಾತ್ರೆ ಉಂಟು, ಬ್ರೆಡ್ ಬೇಯಿಸುವ ಭಟ್ಟಿ ಇಲ್ಲ.

ನಮ್ಮ ಮನೆಯಲ್ಲಿ ಈಗ ಮೂರು ವರ್ಷಗಳಿಂದ ವಾರಕ್ಕೆ ಎರಡು ಬಾರಿ ಬ್ರೆಡ್ ಆಗುತ್ತಿದೆ. ಗೋಧಿಯನ್ನು ಮನೆಯಲ್ಲೇ ಬೀಸಿ, ಯೀಸ್ಟಿನ ಪುಡಿ ಹಾಕದೆ, ಹುಳಿಯ ಹೆಪ್ಪಿನಿಂದ ಉಬ್ಬಿಸಿ ಮಾಡುವ ಬ್ರೆಡ್. ಬಳಗದ ಗೆಳೆಯರು ಇದರ ವಿಧಾನವನ್ನು ಬರೆದುಕೊಡಿ ಎಂದು ಹಲವು ಬಾರಿ ಕೇಳಿದ್ದಾರೆ. ವಿಧಾನವನ್ನು ಹೇಳುತ್ತೇವೆ. ಅದರ ಜೊತೆಗೆ, ವಿಧಾನಗಳ ಪುಸ್ತಕದಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಪ್ರಶ್ನೆಯನ್ನೂ ಇಡಬೇಕಾಗಿದೆ. ಆದ್ದರಿಂದ ಗಂಡಹೆಂಡಿರಿಬ್ಬರೂ ಕೂಡಿ ಈ ಬರಹವನ್ನು ಬರೆಯುತ್ತಿದ್ದೇವೆ.

ಮನೆಯಲ್ಲಿ ನಾವು ಐವರು. ನಾವಿಬ್ಬರು, ಕಾಲೇಜು ಮೆಟ್ಟಿಲೇರಿದ ಮಗಳು, ಒಂಬತ್ತನೆಯ ತರಗತಿಯ ಮಗ ಮತ್ತು ಅವ್ವ. ಅವ್ವ ನಮ್ಮಲ್ಲಿ ಒಬ್ಬರಿಗೆ ಹೆತ್ತವಳು, ಇನ್ನೊಬ್ಬರಿಗೆ ಅತ್ತೆ. ಕರೆಯುವಾಗ ಇಬ್ಬರಿಗೂ ಅವ್ವ. ಮಕ್ಕಳು ವಿಜಯಪುರದ ರೂಢಿಯಂತೆ ಅವಳನ್ನು ಆಯಿ ಎನ್ನುತ್ತಾರೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ; ಹಾಗಾಗಿ ಓಣಿಯ ಹುಡುಗರಿಗೆ ಈ ಮನೆಯಲ್ಲಿ ತಾಯಂದಿರು ಎಷ್ಟು ಮಂದಿ ಎಂಬ ಗೊಂದಲ ಬಹಳ ದಿನ ಇತ್ತು. ಅಪ್ಪ ತೀರಿಕೊಂಡ ಮರುವರ್ಷ ಅವ್ವ ಊರಿನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದಳು. ಬರುವ ಮೊದಲೇ ಬಚ್ಚಲಿನಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಆದರೆ ರೊಟ್ಟಿ ಬಡಿಯುವ ಬಲ ಮರಳಲಿಲ್ಲ.

ಜೋಳದ ರೊಟ್ಟಿಯ ಸೀಮೆಯವರಿಗೆ ಈ ಮಾತಿನ ಭಾರ ತಿಳಿದೀತು. ಅರವತ್ತು ವರ್ಷ ದಿನಕ್ಕೆರಡು ಹೊತ್ತು ರೊಟ್ಟಿ ಬಡಿದ ಕೈ ಒಮ್ಮೆಲೇ ಸುಮ್ಮನಾದರೆ, ಸುಮ್ಮನಾಗುವುದು ಕೈಯೊಂದೇ ಅಲ್ಲ. ಪುಣೆಗೆ ಬಂದ ಹೊಸತರಲ್ಲಿ ಅವ್ವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಿದ್ದಳು. ಬಡಿಸಿದರೆ ಅರ್ಧ ಚಪಾತಿ ಉಂಡು ಕೈತೊಳೆಯುತ್ತಿದ್ದಳು. "ಕುಂತ ಉಂಡ್ರ ಕೂಳು ಮೈಗೆ ಹತ್ತಂಗಿಲ್ಲ" ಎಂಬುದು ಅವಳ ಉತ್ತರ. ಎಂಟು ತಿಂಗಳಲ್ಲಿ ಅವಳ ತೂಕ ಆರು ಕಿಲೋ ಇಳಿಯಿತು. ರಕ್ತ ಪರೀಕ್ಷೆಗಳಲ್ಲಿ ಹಳೆಯ ಸಕ್ಕರೆಯ ಹೊರತು ಬೇರೇನೂ ಸಿಗಲಿಲ್ಲ.

ಬ್ರೆಡ್ಡಿಗೂ ಅವ್ವನಿಗೂ ಆರಂಭದಲ್ಲಿ ಯಾವ ಸಂಬಂಧವೂ ಇರಲಿಲ್ಲ. ಮಗಳು ಜೀವಶಾಸ್ತ್ರ ಓದುವವಳು. ಹಿಟ್ಟು ಮತ್ತು ನೀರನ್ನು ಕಲಸಿ ಇಟ್ಟರೆ ಸಾಕು, ಉಬ್ಬಿಸುವ ಜೀವಿಗಳು ತಾವಾಗಿಯೇ ನೆಲೆಗೊಳ್ಳುತ್ತವೆ ಎಂದು ಎಲ್ಲಿಯೋ ಓದಿ, ಒಂದು ಗಾಜಿನ ಭರಣಿಯಲ್ಲಿ ಪ್ರಯೋಗ ಶುರುಮಾಡಿದಳು. 50 ಗ್ರಾಂ ಗೋಧಿ ಹಿಟ್ಟು, 50 ಗ್ರಾಂ ನೀರು. ದಿನಕ್ಕೊಮ್ಮೆ ಅರ್ಧವನ್ನು ತೆಗೆದು, ಅಷ್ಟೇ ತೂಕದ ಹೊಸ ಹಿಟ್ಟು, ನೀರು ಬೆರೆಸುವುದು. ಎರಡನೆಯ ದಿನವೇ ಅದು ಭರಣಿಯ ಬಾಯಿಯವರೆಗೂ ಏರಿತು. ಮೂರನೆಯ ದಿನ ಕೆಟ್ಟ ನಾತ. ನಾಲ್ಕು, ಐದನೆಯ ದಿನ ಸತ್ತಂತೆ ನಿಶ್ಚಲ. ಈ ಹಂತದಲ್ಲಿ ಅನೇಕರು ಅದನ್ನು ಚೆಲ್ಲಿಬಿಡುತ್ತಾರೆ. ಚೆಲ್ಲಬಾರದು. ಮೊದಲು ಅಬ್ಬರಿಸುವವು ಹಿಟ್ಟಿನಲ್ಲಿರುವ ಬೇರೆ ಬಗೆಯ ಬ್ಯಾಕ್ಟೀರಿಯಾಗಳು. ಹುಳಿ ಏರಿದಂತೆ ಅವು ಅಳಿದು, ಹುಳಿಯನ್ನು ತಾಳಬಲ್ಲ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೂ ಕಾಡು ಯೀಸ್ಟುಗಳೂ ನಿಧಾನವಾಗಿ ನೆಲೆ ನಿಲ್ಲುತ್ತವೆ. ಎಂಟು ಹತ್ತು ದಿನಗಳಲ್ಲಿ ನಾತ ಹೋಗಿ, ಮಾಗಿದ ಹಣ್ಣನ್ನೂ ಹುಳಿ ಮಜ್ಜಿಗೆಯನ್ನೂ ನೆನಪಿಸುವ ಒಂದು ವಾಸನೆ ಬರುತ್ತದೆ. ಉಣಿಸಿದ ನಾಲ್ಕೈದು ಗಂಟೆಗಳಲ್ಲಿ ಇಮ್ಮಡಿಯಾಗುತ್ತದೆ. ಅದು ಸಿದ್ಧವಾಯಿತೆಂದು ಅರ್ಥ.

ದಿನವೂ ಭರಣಿಗೆ ಹಿಟ್ಟು ಹಾಕುವುದನ್ನು ಕುರ್ಚಿಯಿಂದ ನೋಡುತ್ತಿದ್ದ ಅವ್ವ ಒಂದು ದಿನ ಕೇಳಿದಳು: "ಹಿಟ್ಟಿಗೂ ಉಣ್ಣಾಕ ಹಾಕ್ತೀಯೇನವಾ?" ಮಗಳು ಹೌದೆಂದಳು. "ಛಲೋ ಆತು. ನನಗಿಂತ ಅದಕ್ಕ ಹಸಿವು ಜಾಸ್ತಿ ಅದ." ಬಹಳ ದಿನಗಳ ಮೇಲೆ ಅವಳ ಬಾಯಲ್ಲಿ ನಾವು ಕೇಳಿದ ಮೊದಲ ತಮಾಷೆಯ ಮಾತು ಇದು.

ಇದಕ್ಕೆ ಹೆಸರೇನಿರಬೇಕು ಎಂಬ ಚರ್ಚೆಯೂ ನಡೆಯಿತು. ಕನ್ನಡ ಬೈಬಲ್ಲಿನಲ್ಲಿ ಹುಳಿಹಿಟ್ಟು ಎಂಬ ಮಾತಿದೆ. ಹುದುಗುಹಿಟ್ಟು ಎನ್ನಬಹುದು. ಅವ್ವ ಮಾತ್ರ ಎರಡನೆಯ ಯೋಚನೆಯಿಲ್ಲದೆ ಹೆಪ್ಪು ಎಂದಳು. ನಿನ್ನೆಯದರಲ್ಲಿ ಒಂದಿಷ್ಟು ಉಳಿಸಿ ನಾಳೆಯದನ್ನು ಮಾಡುವುದು ಹೆಪ್ಪು; ಹಾಲಿಗಾದರೇನು, ಹಿಟ್ಟಿಗಾದರೇನು? ಕನ್ನಡಕ್ಕೆ ಇದು ಹೊಸ ವಿದ್ಯೆಯೂ ಅಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಮಸಾಲೆಯನ್ನೂ ಬೆರೆಸುವ ಕ್ರಮ ಬರುತ್ತದೆ. ಇಂದಿನ ಇಡ್ಲಿಯಂತೆ ಅಕ್ಕಿ ಸೇರಿಸಿ ರಾತ್ರಿಯಿಡೀ ಹುದುಗಿಸುವ ಪದ್ಧತಿ ಆ ಹಳೆಯ ಉಲ್ಲೇಖಗಳಲ್ಲಿ ಕಾಣುವುದಿಲ್ಲವೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ತೋರಿಸಿದ್ದಾರೆ. ಹುಳಿಯ ನಂಟು ಮಾತ್ರ ಸಾವಿರ ವರ್ಷದ್ದು.

ಆದರೆ ಇಡ್ಲಿಯ ಹಿಟ್ಟಿಗೂ ಬ್ರೆಡ್ಡಿನ ಹೆಪ್ಪಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಎಂಬುದು 1965ರಷ್ಟು ಹಿಂದೆಯೇ ಪ್ರಯೋಗಗಳಿಂದ ಗೊತ್ತಾಗಿದೆ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ಬ್ರೆಡ್ಡಿನಲ್ಲಿ ಗಾಳಿ ತುಂಬುವ ಹೆಚ್ಚಿನ ಕೆಲಸ ಯೀಸ್ಟಿನದು, ಹುಳಿಯ ಕೆಲಸ ಬ್ಯಾಕ್ಟೀರಿಯಾದ್ದು, ಹಿಡಿದಿಡುವುದು ಗೋಧಿಯ ಗ್ಲೂಟನ್. 1971ರಲ್ಲಿ ಅಮೆರಿಕದ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೋದ ಹುಳಿ ಬ್ರೆಡ್ಡಿನಲ್ಲಿ ಕಂಡ ಬ್ಯಾಕ್ಟೀರಿಯಾಕ್ಕೆ ಆ ನಗರದ ಹೆಸರನ್ನೇ ಇಟ್ಟರು. ಆಮೇಲೆ ನೋಡಿದರೆ ಅದು ಯುರೋಪಿನ ಹೆಪ್ಪುಗಳಲ್ಲೂ ವಾಸವಾಗಿತ್ತು. ಊರಿನ ಹೆಸರು ಹೊತ್ತು ಬೇರೆ ಊರಿನಲ್ಲಿ ಬದುಕುವುದು ನಮ್ಮಂಥ ಹೊರನಾಡಿಗರಿಗೆ ಹೊಸ ಸಂಗತಿಯೇನಲ್ಲ.

ಇನ್ನು ಹಿಟ್ಟಿನ ಮಾತು. ಪುಣೆಯ ಪ್ರತಿ ಓಣಿಯಲ್ಲೂ ಗಿರಣಿ ಇದೆ. ಗೋಧಿ ಕೊಂಡು, ಡಬ್ಬಿಯಲ್ಲಿ ಹಾಕಿ, ಬೀಸಿಸಿ ತರುವ ಪದ್ಧತಿ ಇಲ್ಲಿ ಇನ್ನೂ ಜೀವಂತ. ಧಾನ್ಯದ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಲೋಕವನ ಗೋಧಿ. ಗುಜರಾತಿನ ಸಣೋಸರಾದ ಲೋಕಭಾರತಿ ಸಂಸ್ಥೆಯಲ್ಲಿ ರೂಪುಗೊಂಡ ಲೋಕ್-1 ತಳಿಗೆ ಜನ ಇಟ್ಟುಕೊಂಡ ಹೆಸರು ಅದು. ಅದರ ಪಕ್ಕದ ಚೀಲದಲ್ಲಿ, ಎರಡು ಮೂರು ಪಟ್ಟು ಬೆಲೆಗೆ, ಖಪ್ಲಿ. ಇದು ನಮ್ಮ ಸೀಮೆಯ ಜವೆಗೋಧಿ, ಹುಗ್ಗಿ ಮಾದಲಿಗಳ ಗೋಧಿ. ಒಕ್ಕಿದರೂ ಸಿಪ್ಪೆ ಬಿಡದ ಈ ಪ್ರಾಚೀನ ಧಾನ್ಯ ಬೆಳಗಾವಿ, ವಿಜಯಪುರ, ಧಾರವಾಡ, ಸಾಂಗಲಿಗಳ ಹೊಲಗಳಲ್ಲಿ ಉಳಿದುಬಂದಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ ಸರಣಿಯ ಗಿಡ್ಡ ತಳಿಗಳನ್ನು ಬಿಡುಗಡೆ ಮಾಡಿ ಅದಕ್ಕೆ ಹೊಸ ಬಲ ಕೊಟ್ಟಿದೆ.

ತಾಜಾ ಹಿಟ್ಟೇ ಏಕೆ? ಗೋಧಿಯ ಕಾಳಿನಲ್ಲಿ ಸುಮಾರು ಶೇ. 83 ಭಾಗ ಒಳಗಿನ ಬಿಳಿಯ ಪಿಷ್ಟ, ಶೇ. 14ರಷ್ಟು ತೌಡು, ಉಳಿದ ಎರಡು ಮೂರು ಭಾಗ ಮೊಳಕೆಯೊಡೆಯುವ ಭ್ರೂಣ. ಎಣ್ಣೆಯ ಅಂಶ ಹೆಚ್ಚಾಗಿರುವುದು ಈ ಭ್ರೂಣದಲ್ಲಿ. ಬೀಸಿದೊಡನೆ ಆ ಎಣ್ಣೆ ಗಾಳಿಗೂ ತೌಡಿನ ಕಿಣ್ವಗಳಿಗೂ ಸಿಕ್ಕಿ ದಿನದಿಂದ ದಿನಕ್ಕೆ ಕೆಡುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಂಗೆರಿಯ ಬುಡಾಪೆಸ್ಟಿನ ಗಿರಣಿಗಳಲ್ಲಿ ಹರಡಿದ ಉರುಳೆಯ ಯಂತ್ರಗಳು ತೌಡನ್ನೂ ಭ್ರೂಣವನ್ನೂ ಬೇರ್ಪಡಿಸಿ, ತಿಂಗಳುಗಟ್ಟಲೆ ಕೆಡದ ಬಿಳಿ ಹಿಟ್ಟನ್ನು ಕೊಟ್ಟವು. ಬಾಳಿಕೆ ಬಂತು, ರುಚಿಯೂ ಸತ್ವವೂ ತೌಡಿನೊಡನೆ ಹೋದವು. ಈ ವಿಜ್ಞಾನವನ್ನು ಅವ್ವನಿಗೆ ವಿವರಿಸಿದಾಗ ಅವಳು ಆಶ್ಚರ್ಯಪಡಲಿಲ್ಲ. "ಸಜ್ಜಿ ಹಿಟ್ಟ ನಾಕ ದಿನಾ ಇಟ್ಟು ನೋಡ್ರಿ, ಕಹಿ ಆಗ್ತದ. ಜ್ವಾಳದ ಹಿಟ್ಟ ಹಳೇದಾದ್ರ ಜಿಗಿ ಹೋಗ್ತದ, ರೊಟ್ಟಿ ಹರೀತಾವ." ಪುಸ್ತಕ ಓದಿ ನಾವು ತಿಳಿದದ್ದನ್ನು ಅವಳು ರೊಟ್ಟಿಯ ಅಂಚು ನೋಡಿ ತಿಳಿದಿದ್ದಳು.

ಆದರೆ ಓಣಿಯ ಗಿರಣಿಯ ಹಿಟ್ಟು ಬ್ರೆಡ್ಡಿಗೆ ಸುಲಭವಾಗಿ ಒಗ್ಗುವುದಿಲ್ಲ. ಕಲ್ಲುಗಳ ಒತ್ತಡಕ್ಕೂ ಬಿಸಿಗೂ ಪಿಷ್ಟದ ಕಣಗಳು ಒಡೆಯುತ್ತವೆ. ಒಡೆದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ. ಚಪಾತಿ ಮೃದುವಾಗುವುದು, ಸಂಜೆಯವರೆಗೂ ಬಿರುಸಾಗದೆ ಇರುವುದು ಇದರಿಂದಲೇ. ಅದೇ ಹಿಟ್ಟಿನ ಬ್ರೆಡ್ಡಿನಲ್ಲಿ ಕಿಣ್ವಗಳು ಆ ಪಿಷ್ಟವನ್ನು ಬೇಗ ಕರಗಿಸಿ, ಒಳಭಾಗ ಅಂಟಂಟಾಗುತ್ತದೆ. ಆದ್ದರಿಂದ ಮನೆಗೆ ಒಂದು ಘರಘಂಟಿ ತಂದೆವು. ಪುಣೆ ಮುಂಬಯಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಸಣ್ಣ ಕಪಾಟಿನಂತಿರುವ, ಒಂದು ಅಶ್ವಶಕ್ತಿಯ ಮೋಟಾರಿನ, ಜಾಳಿ ಬದಲಿಸಿ ದಪ್ಪ ಸಣ್ಣ ಬೀಸಬಹುದಾದ ಮನೆಗಿರಣಿ ಇದು. ಸದ್ದು ಬಹಳ, ರಾತ್ರಿ ಒಂಬತ್ತರ ಮೇಲೆ ನಾವು ಅದನ್ನು ಮುಟ್ಟುವುದಿಲ್ಲ.

ವಿಧಾನ ಇಷ್ಟು. 500 ಗ್ರಾಂ ಗೋಧಿಯನ್ನು ಬೀಸಿ, ಹಿಟ್ಟನ್ನು ತಣಿಯಲು ಬಿಡುತ್ತೇವೆ. ಬಿಸಿ ಹಿಟ್ಟಿನಲ್ಲಿ ಕಲಸಿದರೆ ಹುದುಗು ಹದ ಮೀರಿ ಓಡುತ್ತದೆ. ಸಾಣಿಗೆಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ಒರಟು ತೌಡನ್ನು ಕುದಿನೀರಿನಲ್ಲಿ ನೆನೆಸಿ ಬೇರೆಯಾಗಿ ಇಡುತ್ತೇವೆ. ತೌಡಿನ ಚೂಪು ಅಂಚುಗಳು ಗ್ಲೂಟನ್ನಿನ ಎಳೆಗಳನ್ನು ಕತ್ತರಿಸುತ್ತವೆ, ನೆನೆದರೆ ಮೆತ್ತಗಾಗುತ್ತವೆ. ತೌಡಿಗೆ ಹಾಕಿದ್ದೂ ಸೇರಿ ಒಟ್ಟು ನೀರು ಸುಮಾರು 390 ಗ್ರಾಂ. ಹಿಟ್ಟನ್ನು ನೀರಿನಲ್ಲಿ ಕಲಸಿ ಒಂದು ಗಂಟೆ ಬಿಟ್ಟು, ಆಮೇಲೆ 100 ಗ್ರಾಂ ಹೆಪ್ಪು, 10 ಗ್ರಾಂ ಉಪ್ಪು, ನೆನೆದ ತೌಡು ಸೇರಿಸಿ ನಾದುವುದು. ಕಣಕ ಚಪಾತಿಯದಕ್ಕಿಂತ ಸಡಿಲವಾಗಿರಬೇಕು. ಅರ್ಧ ಗಂಟೆಗೊಮ್ಮೆ ಒದ್ದೆ ಕೈಯಿಂದ ಅಂಚನ್ನು ಎಳೆದು ಮಡಚುವುದು, ಹೀಗೆ ಮೂರು ಬಾರಿ.

ಇದಾದ ಮೇಲೆ ಗಡಿಯಾರಕ್ಕಿಂತ ಋತುವನ್ನು ಕೇಳಬೇಕು. ಪುಣೆಯ ಏಪ್ರಿಲ್ ಮೇ ತಿಂಗಳಲ್ಲಿ, ಹೊರಗೆ 38 ಡಿಗ್ರಿ ಇರುವಾಗ, ಮೂರು ಗಂಟೆಯಲ್ಲಿ ಕಣಕ ಸಿದ್ಧ. ಡಿಸೆಂಬರಿನಲ್ಲಿ ರಾತ್ರಿಯ ತಾಪ ಹನ್ನೆರಡರ ಹತ್ತಿರ ಇಳಿದಾಗ ಬೆಳಗಿನವರೆಗೂ ಕಾಯಬೇಕು. ತಾಜಾ ಹಿಟ್ಟಿನಲ್ಲಿ ಜೀವಿಗಳಿಗೆ ಆಹಾರವೂ ಖನಿಜಗಳೂ ಹೆಚ್ಚಾಗಿರುವುದರಿಂದ ಮೈದಾಕ್ಕಿಂತ ಬೇಗ ಹುದುಗುತ್ತದೆ. ಇಮ್ಮಡಿಯಾಗುವವರೆಗೆ ಕಾಯದೆ, ಒಂದೂವರೆಯಷ್ಟು ಆದಾಗಲೇ ಉಂಡೆ ಕಟ್ಟಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿಟ್ಟು ಮತ್ತೊಂದು ಗಂಟೆ ಬಿಡುತ್ತೇವೆ. ಆಮೇಲೆ 230 ಡಿಗ್ರಿಗೆ ಕಾಯ್ದ ಓವನ್ನಿನಲ್ಲಿ, ದಪ್ಪ ಬೀಡಿನ ಪಾತ್ರೆಯೊಳಗೆ, ಮುಚ್ಚಳ ಹಾಕಿ 25 ನಿಮಿಷ, ತೆಗೆದು 20 ನಿಮಿಷ. ಮುಚ್ಚಳದೊಳಗಿನ ಹಬೆ ಮೇಲ್ಪದರವನ್ನು ಮೆತ್ತಗಿಟ್ಟು ಉಬ್ಬಲು ಎಡೆ ಕೊಡುತ್ತದೆ. ಪೂರ್ತಿ ತಣಿಯದೆ ಕೊಯ್ಯಬಾರದು. ಜವೆಗೋಧಿಯ ಗ್ಲೂಟನ್ ದುರ್ಬಲ. ಅದರಿಂದ ಎತ್ತರದ ಬ್ರೆಡ್ ಆಗದು. ನಾಲ್ಕನೆಯ ಒಂದು ಭಾಗ ಬೆರೆಸಿದರೆ ಪರಿಮಳಕ್ಕೆ ಸಾಕು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹುಳಿ ಹೆಪ್ಪಿನ ಬ್ರೆಡ್ ಸಕ್ಕರೆ ಕಾಯಿಲೆಗೆ ಔಷಧವೆಂಬಂಥ ಮಾತುಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ದೀರ್ಘ ಹುದುಗುವಿಕೆಯಿಂದ ತೌಡಿನ ಫೈಟಿಕ್ ಆಮ್ಲ ಕಡಿಮೆಯಾಗಿ ಕಬ್ಬಿಣ, ಸತುಗಳು ದೇಹಕ್ಕೆ ಹೆಚ್ಚು ದಕ್ಕುತ್ತವೆ ಎಂಬುದು ನಿಜ. ಆದರೆ ಗೋಧಿ ಗೋಧಿಯೇ, ಪಿಷ್ಟ ಪಿಷ್ಟವೇ. ಅವ್ವನ ಪಾಲು ಒಂದು ಹೊತ್ತಿಗೆ ಎರಡು ಹೋಳು, ಅದೂ ಸಕ್ಕರೆ ಅಳೆದು ನೋಡಿ ಗೊತ್ತುಮಾಡಿಕೊಂಡದ್ದು. ಗ್ಲೂಟನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗಂತೂ ಇದು ಸಲ್ಲದು.

ಇನ್ನು ನಾವು ಮೊದಲೇ ಹೇಳಿದ ಪ್ರಶ್ನೆ. ಒಂದು ಭಾನುವಾರ ಬಳಗದ ಸಭೆ ನಮ್ಮ ಮನೆಯಲ್ಲಿ ಸೇರಿತ್ತು. ಬ್ರೆಡ್ಡಿನ ಹೋಳುಗಳಿಗೆ ಬೆಣ್ಣೆ, ಗುರೆಳ್ಳು ಚಟ್ನಿಪುಡಿ ಹಚ್ಚಿ ಕೊಟ್ಟಿದ್ದೆವು. ಮಾತು ಹಳೆಯ ಕಾಲದ ಕಡೆ ಹೊರಳಿತು. ಬೀಸುವ ಕಲ್ಲಿನ ಹಿಟ್ಟಿನ ಕಂಪು, ನಸುಕಿನಲ್ಲಿ ಕೇಳುತ್ತಿದ್ದ ಹಾಡು, ಆ ಹಾಡಿನಲ್ಲಿ ತುಂಬಿದ್ದ ಕಾವ್ಯ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದು, 1931ರಲ್ಲಿ ಗರತಿಯ ಹಾಡು ಎಂಬ ಸಂಕಲನವಾಗಿ ಪ್ರಕಟಿಸಿದ ಸಂಗತಿಯೂ ಬಂತು. ನೀವು ಮತ್ತೆ ಆ ಕಾಲವನ್ನು ಮನೆಗೆ ತಂದಿದ್ದೀರಿ ಎಂದು ಹಿರಿಯರೊಬ್ಬರು ಮೆಚ್ಚಿ ನುಡಿದರು. ಮೂಲೆಯಲ್ಲಿ ಕುಳಿತಿದ್ದ ಅವ್ವನ ಕಡೆ ತಿರುಗಿ, ಅವ್ವಾರೂ ಹಾಡುತ್ತಿದ್ದಿರಬೇಕಲ್ಲ ಎಂದು ಕೇಳಿದರು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಹಾಡ ಛಲೋ ಅದಾವ್ರೀ. ನಾವು ಹಾಡಿದ್ದು ಕಲ್ಲಿನ ಮುಂದ ನಿದ್ದಿ ಹತ್ತಬಾರದು ಅಂತ."

ಸಭೆ ಸ್ತಬ್ಧವಾಯಿತು. ಅವ್ವ ಮುಂದುವರಿಸಿದಳು. ಹದಿನಾಲ್ಕು ಮಂದಿಯ ಮನೆ. ಕೋಳಿ ಕೂಗುವ ಮೊದಲೇ ಏಳಬೇಕು, ಬೆಳಗಿನ ರೊಟ್ಟಿಗೆ ಹಿಟ್ಟು ಬೇಕು. ಇಬ್ಬರು ಎದುರುಬದುರು ಕುಳಿತರೆ ಒಂದಿಷ್ಟು ಹಗುರ; ಒಬ್ಬಳು ಬಾಣಂತಿಯಾದರೆ ಇನ್ನೊಬ್ಬಳಿಗೆ ಎರಡು ಪಾಲು. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಗಟ್ಟಿಯಾಗುತ್ತಿತ್ತು. ಹೊಟ್ಟೆಯಲ್ಲಿ ಏಳು ತಿಂಗಳ ಕೂಸಿದ್ದಾಗಲೂ ಬೀಸಿದ್ದುಂಟು. "ಊರಾಗ ಡೀಸೆಲ್ ಗಿರಣಿ ಬಂದ ದಿನಾ ನಾವು ಹೆಣ್ಮಕ್ಕಳು ಹೋಗಿ ಅದಕ್ಕ ಕಾಯಿ ಒಡದು ಬಂದ್ವಿ. ಮಾವನವರು ಗಿರಣಿ ಹಿಟ್ಟ ರುಚಿ ಇಲ್ಲ ಅಂತ ಒಂದು ವರ್ಷ ಬಯ್ದರು. ಬೀಸಾವರಿಗೆ ರುಚಿ ಯಾರು ಕೇಳಿದ್ರು?"

ಆ ರಾತ್ರಿ ಪಾತ್ರೆ ತೊಳೆಯುತ್ತಾ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ತಾಜಾ ಹಿಟ್ಟನ್ನು ನಾವು ಪರಿಮಳದಿಂದ ಅರಿತವರು. ಅವ್ವ ಅದನ್ನು ಅಂಗೈಯಿಂದ ಅರಿತವಳು. ಹಳೆಯ ಕಾಲದಲ್ಲಿ ಎಲ್ಲರೂ ತಾಜಾ ಹಿಟ್ಟು ಉಣ್ಣುತ್ತಿದ್ದರು ಎನ್ನುವ ವಾಕ್ಯದಲ್ಲಿ ಕರ್ತೃವಿದ್ದಾನೆ, ಕರ್ಮವಿದೆ. ಬೀಸಿದವಳು ಮಾತ್ರ ಇಲ್ಲ. ಹಾಡುಗಳನ್ನು ಬರೆದಿಟ್ಟ ಹಲಸಂಗಿಯವರ ಉಪಕಾರ ದೊಡ್ಡದು. ಆ ಹಾಡುಗಳಲ್ಲಿ ತವರನ್ನು ನೆನೆದು ಹೊಮ್ಮುವ ನಿಟ್ಟುಸಿರನ್ನು ಗಮನಿಸಿ ಓದಿದರೆ ಅವ್ವ ಹೇಳಿದ್ದು ಅಲ್ಲಿಯೂ ಕೇಳುತ್ತದೆ. ಹಾಡು ಚೆಲುವಾಗಿದೆಯೆಂದು ಕಲ್ಲು ಹಗುರವಾಗಿತ್ತೆಂದು ಅರ್ಥವಲ್ಲ.

ಹಾಗಾದರೆ ಹುಳಿ ಹೆಪ್ಪು, ಮನೆಯ ಹಿಟ್ಟು ಎಂಬ ಈ ನಿಧಾನದ ಅಡುಗೆ ತಪ್ಪೇ? ಹಾಗೆಂದು ನಮಗೆ ಅನಿಸುವುದಿಲ್ಲ. ತಿನ್ನುವ ಪದಾರ್ಥ ಎಲ್ಲಿಂದ ಬಂತು, ಹೇಗಾಯಿತು ಎಂದು ಬಲ್ಲ ಮನೆಗೂ ಪೊಟ್ಟಣ ಹರಿದು ತಿನ್ನುವ ಮನೆಗೂ ಅಂತರವಿದೆ. ಆದರೆ ಒಂದು ಬ್ರೆಡ್ಡಿಗೆ ಎರಡು ದಿನಗಳ ಗಮನ ಬೇಕು. ಆ ಗಮನ ಯಾರದು ಎಂಬುದು ರುಚಿಯಷ್ಟೇ ಮುಖ್ಯವಾದ ಪ್ರಶ್ನೆ. ಹೊರಗೆ ದುಡಿದು ಬಂದ ಹೆಣ್ಣಿನ ಹೆಗಲಿಗೆ ಆರೋಗ್ಯದ ಹೆಸರಿನಲ್ಲಿ ಮತ್ತೊಂದು ಕಲ್ಲು ಹೊರಿಸಿ, ಅದಕ್ಕೆ ಪರಂಪರೆಯೆಂದು ಕರೆದರೆ, ಅದು ಅವ್ವನ ಅತ್ತೆಮನೆಯ ಮುಂದುವರಿಕೆಯಷ್ಟೇ.

ಮರುದಿನ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಬಂತು. ಗೋಧಿ ಆರಿಸಿ ಬೀಸುವುದು ಮಗನ ಪಾಲು. ಜರಡಿ, ತೂಕ, ಲೆಕ್ಕ ಮಗಳದು. ನಾದುವುದು, ಮಡಚುವುದು ಮನೆಯ ಗಂಡಸಿನದು; ಉಂಡೆ ಕಟ್ಟಿ ಓವನ್ನು ನೋಡಿಕೊಳ್ಳುವುದು ಹೆಂಗಸಿನದು; ತಿಂಗಳಿಗೊಮ್ಮೆ ಇವೆರಡು ಅದಲುಬದಲು. ಹಿಟ್ಟು ಅಂಟಿ ಒಣಗಿದ ಪಾತ್ರೆ ತೊಳೆಯುವುದು ಎಲ್ಲಕ್ಕಿಂತ ಬೇಸರದ ಕೆಲಸವಾದ್ದರಿಂದ ಸರದಿಯಂತೆ. ಯಾರಿಗಾದರೂ ಪರೀಕ್ಷೆ, ಕಚೇರಿಯ ಗಡಿಬಿಡಿ ಬಂದರೆ ಆ ವಾರ ಬ್ರೆಡ್ ಇಲ್ಲ. ಹೆಪ್ಪು ಫ್ರಿಜ್ಜಿನಲ್ಲಿ ಮಲಗುತ್ತದೆ. ವಾರ ಎರಡು ವಾರ ಅದಕ್ಕೇನೂ ಆಗದು. ಒಬ್ಬರ ಪಾಲನ್ನು ಇನ್ನೊಬ್ಬರು ಸುಮ್ಮನೆ ಮಾಡಿಬಿಡಬಾರದು ಎಂಬುದು ಹಾಳೆಯ ಕೊನೆಯ ಸಾಲು. ಅದನ್ನು ಬರೆದವಳು ಮಗಳು.

ಹಾಳೆಯಲ್ಲಿ ಅವ್ವನ ಹೆಸರಿರಲಿಲ್ಲ. ಬೇಕಾದಷ್ಟು ದುಡಿದವಳು, ಅವಳಿಗೇಕೆ ಕೆಲಸ ಎಂಬುದು ನಮ್ಮ ವಿಚಾರ. ಅವಳು ಹಾಳೆಯನ್ನು ಮೊಮ್ಮಗನಿಂದ ಓದಿಸಿ ಕೇಳಿ, ನನ್ನ ಪಾಲು ಯಾವುದು ಎಂದಳು. ಹೆಪ್ಪಿಗೆ ಉಣಿಸುವುದು ನನಗಿರಲಿ ಎಂದು ತಾನೇ ಆರಿಸಿಕೊಂಡಳು. ಹೇಗೂ ಐದಕ್ಕೆ ಏಳುವ ರೂಢಿ. ಚಮಚದಿಂದ ತಿರುವಲು ಮುರಿದ ಕೈಗೂ ಶಕ್ತಿಯಿದೆ. "ಬೀಸೂದ ಮಾತ್ರ ನನಗ ಹೇಳಬ್ಯಾಡ್ರಪಾ. ಅದರ ಗುಂಡಿನೂ ನಾ ಒತ್ತಂಗಿಲ್ಲ." ಮೂರು ವರ್ಷವಾಯಿತು. ಬರಿಯ ಒಂದು ಗುಂಡಿ ಒತ್ತಿದರೆ ಸಾಕಾಗುವ ಯಂತ್ರ ಅದು. ಒಮ್ಮೆಯೂ ಒತ್ತಿಲ್ಲ. ಮೊಮ್ಮಗ ಗುಂಡಿ ಒತ್ತಿ, ಸದ್ದಿಗೆ ಕಿವಿ ಮುಚ್ಚಿಕೊಂಡು ನಿಂತಿರುವುದನ್ನು ಕುರ್ಚಿಯಲ್ಲಿ ಕುಳಿತು ನೋಡುವುದು ಅವಳಿಗೆ ಬಲು ಇಷ್ಟ. ಕೆಲವೊಮ್ಮೆ ಆ ಸದ್ದಿನ ಜೊತೆಗೇ, ಯಾರಿಗೂ ಕೇಳದಂತೆ, ಒಂದೆರಡು ಸಾಲು ಗುನುಗುತ್ತಾಳೆ. ನಿದ್ದೆ ತಡೆಯಲು ಹಾಡಬೇಕಾಗಿಲ್ಲದ ಹೊತ್ತಿನಲ್ಲಿ ಅದನ್ನು ಹಾಡುವುದು ಬೇರೆಯೇ ಇರಬೇಕು. ನಾವು ಕೇಳಿಸಿಕೊಂಡಂತೆ ತೋರಿಸಿಕೊಳ್ಳುವುದಿಲ್ಲ.

ಅವಳ ಊಟ ಒಮ್ಮೆಲೇ ಹೆಚ್ಚಿತೆಂದು ಹೇಳಲಾರೆವು. ಬ್ರೆಡ್ಡಿನ ಗಟ್ಟಿ ಅಂಚು ಅವಳ ಹಲ್ಲಿಗೆ ಆಗದು. ಅದು ಮಕ್ಕಳ ಪಾಲು. ನಡುವಿನ ಮೆತ್ತನೆಯ ಭಾಗವನ್ನು ಬೇಳೆಯ ಕಟ್ಟಿನ ಸಾರಿನಲ್ಲಿ ಅದ್ದಿ, ಮೇಲೆ ಶೇಂಗಾ ಹಿಂಡಿ ಉದುರಿಸಿ ಉಣ್ಣುತ್ತಾಳೆ. ರೊಟ್ಟಿಯ ಮುಂದೆ ಇದು ಏನೂ ಅಲ್ಲ ಎಂದು ಪ್ರತಿ ಸಲವೂ ಹೇಳುತ್ತಾಳೆ. ಹೇಳುತ್ತಲೇ ಎರಡನೆಯ ಹೋಳಿಗೆ ಕೈ ಚಾಚುತ್ತಾಳೆ. ಕಳೆದುಹೋದ ಆರು ಕಿಲೋಗಳಲ್ಲಿ ನಾಲ್ಕು ಮರಳಿವೆ. ಕುಳಿತು ಉಂಡರೆ ಮೈಗೆ ಹತ್ತುವುದಿಲ್ಲ ಎಂಬ ಮಾತನ್ನು ಈಗ ಆಡುವುದಿಲ್ಲ. ಹೆಪ್ಪು ಉಬ್ಬದ ಚಳಿಯ ದಿನ ಭರಣಿಗೆ ತನ್ನ ಹಳೆಯ ಉಣ್ಣೆಯ ಶಾಲು ಹೊದಿಸಿ, ಏಳು ಗಂಟೆಗೆ ನಮ್ಮನ್ನು ಎಬ್ಬಿಸಿ ವರದಿ ಒಪ್ಪಿಸುತ್ತಾಳೆ.

ಬಳಗದಲ್ಲಿ ಹಲವರು ಹೆಪ್ಪು ಬೇಕೆಂದು ಹೇಳಿಟ್ಟಿದ್ದೀರಿ. ಧಾರಾಳವಾಗಿ ಕೊಡುತ್ತೇವೆ, ದಿನವೂ ಅರ್ಧ ತೆಗೆಯಲೇಬೇಕಾದ ವಸ್ತು ಅದು, ಹಂಚದೆ ಗತಿಯಿಲ್ಲ. ದೂರದ ಮುಂಬಯಿ, ಹೈದರಾಬಾದಿನವರು ಬಂದಾಗ ತೆಳ್ಳಗೆ ಹರಡಿ ಒಣಗಿಸಿದ ಹಪ್ಪಳೆಗಳನ್ನು ಪೊಟ್ಟಣ ಕಟ್ಟಿ ಕೊಡಬಹುದು. ನೀರಿನಲ್ಲಿ ನೆನೆಸಿ ಮೂರು ನಾಲ್ಕು ದಿನ ಉಣಿಸಿದರೆ ಜೀವ ಬರುತ್ತದೆ. ಮುಚ್ಚಳ ಸಡಿಲವಿರುವ ಒಂದು ಡಬ್ಬಿ ತನ್ನಿ. ಅವ್ವನದು ಒಂದು ಶರತ್ತಿದೆ. ಹೆಪ್ಪು ಒಯ್ಯಲು ಮನೆಯಿಂದ ಒಬ್ಬರೇ ಬರಬಾರದು, ಕನಿಷ್ಠ ಇಬ್ಬರು ಬರಬೇಕು. ಬಂದವರಲ್ಲಿ ಪಾತ್ರೆ ತೊಳೆಯುವವರು ಯಾರೆಂದು ಅವಳು ಮೊದಲು ಕೇಳುತ್ತಾಳೆ.